ಮಗಳಿಗೆ ಮೊದಲ ಡ್ರಮ್ ಸೆಟ್

ಪ್ರಶ್ನೆ: ಹನ್ನೆರಡು ವರ್ಷದ ಮಗಳು ಒಂದು ವರ್ಷದಿಂದ ಡ್ರಮ್ಸ್ ಕಲಿಯುತ್ತಿದ್ದಾಳೆ. ದುಬಾರಿ ಸೆಟ್ ಕೊಡಿಸಬೇಕೇ, ಅಗ್ಗದ್ದು ಸಾಕೇ? ನಾವಿರುವುದು ಅಪಾರ್ಟ್‌ಮೆಂಟಿನಲ್ಲಿ.
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಸದ್ಯಕ್ಕೆ ಅಗ್ಗದ್ದೇ ಸಾಕು. ಅಂಥ ಸೆಟ್‌ಗಳ ಡ್ರಮ್‌ಗಳು ಹೆಚ್ಚಾಗಿ ಪಾಪ್ಲರ್ ಮರದವು, ದುಬಾರಿಯವು ಮೇಪಲ್ ಅಥವಾ ಬರ್ಚ್ ಮರದವು. ಆದರೆ ಒಳ್ಳೆಯ ಹೆಡ್‌ಗಳನ್ನು (ಬಡಿಯುವ ಹೊದಿಕೆಗಳನ್ನು) ಹಾಕಿಸಿ ಶ್ರುತಿ ಸರಿಪಡಿಸಿದರೆ ಪಾಪ್ಲರ್ ಕೂಡ ಕಲಿಯುವವರಿಗೆ ಸಾಲುವಷ್ಟು ಚೆನ್ನಾಗಿ ನುಡಿಯುತ್ತದೆ. ಸಿಂಬಲ್‌ಗಳ, ಅಂದರೆ ಕೋಲಿನಿಂದ ಬಡಿಯುವ ಲೋಹದ ತಟ್ಟೆಗಳ ಮಾತು ಬೇರೆ. ಅಗ್ಗದ ಸೆಟ್‌ನೊಡನೆ ಬರುವ ಹಿತ್ತಾಳೆಯ ಸಿಂಬಲ್ ನನ್ನ ಕಿವಿಗಂತೂ ಪಾತ್ರೆ ಬಡಿದಂತೆಯೇ ಕೇಳುತ್ತದೆ, ಅದನ್ನು ಶ್ರುತಿಗೊಳಿಸುವ ದಾರಿಯೂ ಇಲ್ಲ. ಆದ್ದರಿಂದ ಉಳಿದ ಹಣವನ್ನು ಶೇ 80ರಷ್ಟು ತಾಮ್ರ, ಶೇ 20ರಷ್ಟು ತವರ ಬೆರೆತ ಕಂಚಿನ ಸಿಂಬಲ್‌ಗಳಿಗೆ ವಿನಿಯೋಗಿಸಿ. ಮುಂದೆ ಸೆಟ್ ಬದಲಾಯಿಸಿದರೂ ಅವು ಮಗಳ ಬಳಿಯೇ ಉಳಿಯುತ್ತವೆ. ಮನೆಯ ಅಭ್ಯಾಸಕ್ಕೆ ಸದ್ದು ತಗ್ಗಿಸುವ, ಬಲೆಯಂಥ ಮೆಶ್ ಹೆಡ್‌ಗಳನ್ನು ಬಳಸಿ, ಕೆಳಗಿನ ಮನೆಯವರಿಗೆ ಕಾಲಿನಿಂದ ಒತ್ತುವ ಪೆಡಲ್‌ನ ಅದುರು ಕಡಿಮೆ ತಟ್ಟುವಂತೆ ದಪ್ಪ ರಬ್ಬರ್ ಹಾಸನ್ನೂ ಹಾಕಿ.