ಹೋಗುವಾಗ ನಿಧಾನ, ಬರುವಾಗ ಬೇಗ

“ಸಂಪಾದಕರೇ, ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಇಲ್ಲಿ ಆನ್‌ಲೈನ್ ಕ್ಯಾಸಿನೊ ಆಡಲು ಕಾನೂನಿನ ಅಡ್ಡಿಯಿಲ್ಲ. ತಿಂಗಳಿಗೆ ನೂರು ಪೌಂಡ್ ಮೀರದಂತೆ ಆಡುತ್ತೇನೆ, ಸಾಲ ಮಾಡಿಲ್ಲ. ಹೊಸ ಸೈಟೊಂದು ನೂರು ಕಟ್ಟಿದರೆ ಇನ್ನೂ ನೂರು ಬೋನಸ್ ಕೊಡುತ್ತದಂತೆ. ಹಣ ತೆಗೆಯುವ ಮೊದಲು ಬೋನಸ್ಸಿನ 35 ಪಟ್ಟು ಪಣ ಕಟ್ಟಿ ಆಡಬೇಕೆಂಬ ಷರತ್ತಿದೆ. ಕ್ರೆಡಿಟ್ ಕಾರ್ಡ್, ಕ್ರಿಪ್ಟೊ ಎಲ್ಲ ನಡೆಯುತ್ತದೆ. ಯಾವುದರಲ್ಲಿ ಕಟ್ಟಲಿ? ಬೋನಸ್ ತಗೊಳ್ಳಲೋ ಬೇಡವೋ? ದಾವಣಗೆರೆಯಲ್ಲಿರುವ ಚಿಕ್ಕಪ್ಪನ ಮಗನೂ ಇದನ್ನೇ ಕೇಳುತ್ತಿದ್ದಾನೆ. ಎಲ್ಲದಕ್ಕೂ ಬುದ್ಧಿ ಹೇಳುವ ನೀವು ಇದಕ್ಕೂ ಹೇಳಿ.”
— ಹೆಸರು ಬೇಡವೆಂದ ಓದುಗರು

ಕೊನೆಯ ಸಾಲಿನ ಕೊಂಕು ಹಿಡಿಸಿತು, ಹಾಗಾಗಿ ಈ ಸಲ ಪುಟವೆಲ್ಲ ನಿಮಗೇ. ನಿಮ್ಮ ದುಡ್ಡು, ನೀವಿರುವ ದೇಶದ ಕಾನೂನು; ಆಡಬೇಡಿ ಎನ್ನಲು ನಾನ್ಯಾರು? ಅಷ್ಟೇ ದುಡ್ಡು ಕೊಟ್ಟು ಫುಟ್‌ಬಾಲ್ ನೋಡುವವರನ್ನು ಯಾರೂ ತಡೆದು ಕೇಳುವುದಿಲ್ಲ. ಅಷ್ಟನ್ನು ಒಪ್ಪಿಕೊಂಡೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯ ಉತ್ತರ ನಿಮ್ಮ ಪತ್ರದಲ್ಲೇ ಇತ್ತು. ಬರೆದಿರಿ, ಓದಲಿಲ್ಲ.

ಬ್ರಿಟನ್ನಿನಲ್ಲಿ 2020ರ ಏಪ್ರಿಲ್ 14ರಿಂದ ಜೂಜಿಗೆ ಕ್ರೆಡಿಟ್ ಕಾರ್ಡ್ ನಿಷಿದ್ಧ. 2026ರ ಜನವರಿ 19ರಿಂದ ಬೋನಸ್ಸಿಗೆ 10 ಪಟ್ಟಿಗಿಂತ ಹೆಚ್ಚು ಆಡಿಸುವಂತಿಲ್ಲ. ಕ್ರೆಡಿಟ್ ಕಾರ್ಡೂ ಬೇಕು, 35 ಪಟ್ಟೂ ಬೇಕು ಅನ್ನುವ ಸೈಟು ಅಲ್ಲಿನ ಗ್ಯಾಂಬ್ಲಿಂಗ್ ಕಮಿಷನ್ನಿನ ಲೈಸೆನ್ಸ್ ಪಡೆದದ್ದಾಗಿರುವುದು ಸಾಧ್ಯವೇ? ಕಮಿಷನ್ನಿನ ಪಟ್ಟಿ ಸಾರ್ವಜನಿಕವಾಗಿದೆ, ನೋಡಲು ಎರಡು ನಿಮಿಷ ಸಾಕು. ಲೈಸೆನ್ಸ್ ಇದ್ದವರ ಮೇಲೆ ದೂರು ಒಯ್ಯಲು ಸ್ವತಂತ್ರ ಪಂಚಾಯಿತಿಯ ವ್ಯವಸ್ಥೆ ಇದೆ. ಇಲ್ಲದವನು ನಿಮ್ಮ ಗೆಲುವನ್ನು ಕೊಡದೆ ಕೂತರೆ ಯಾವ ಬಾಗಿಲು ಬಡಿಯುತ್ತೀರಿ?

ಇನ್ನು ನನ್ನ ಹಳೆಯ ಹಟಕ್ಕೆ ಬರುತ್ತೇನೆ. ದುಡ್ಡು ಕಟ್ಟುವ ದಾರಿ ಆರಿಸುವಾಗ ಎಲ್ಲರೂ ನೋಡುವುದು ಎಷ್ಟು ಬೇಗ ಹೋಗುತ್ತದೆ ಎಂದು. ನಾನು ಕೇಳುವುದು ಹೋಗುವಾಗ ಎಷ್ಟು ತಡವರಿಸುತ್ತದೆ, ಬರುವಾಗ ಎಷ್ಟು ಬೇಗ ಬರುತ್ತದೆ ಎಂದು. ಎಂಬತ್ತರ ದಶಕದಲ್ಲಿ ನಮ್ಮೂರ ಬಸ್‌ಸ್ಟ್ಯಾಂಡಿನ ಬೀಡಿ ಅಂಗಡಿಯಲ್ಲಿ ಓಸಿ ಬರೆಯುತ್ತಿದ್ದರು. ಸಿಗರೇಟು ಪ್ಯಾಕಿನ ಒಳಹಾಳೆಯ ಚೂರಿನಲ್ಲಿ ಅಂಕಿ, ಅದರ ಕೆಳಗೆ ಮೊತ್ತ. ಹತ್ತು ಅಂಕಿಯಲ್ಲಿ ಒಂದು ಹಿಡಿದರೆ ಒಂಬತ್ತು ಪಟ್ಟು. ಆ ಒಂದು ಪಟ್ಟಿನ ಕೊರತೆಯಲ್ಲೇ ಧಣಿಯ ಮನೆ ನಡೆಯುತ್ತಿತ್ತು. ಅಂಗಡಿಯವನು ಖಾಯಂ ಗಿರಾಕಿಗಳಿಗೆ ಉದ್ರಿ ಬರೆದುಕೊಳ್ಳುತ್ತಿದ್ದ. ಗೆದ್ದವನಿಗೆ ಅರ್ಧ ಎಣಿಸಿಕೊಟ್ಟು, “ಮಿಕ್ಕಿದ್ದು ನಾಳೆ ನಂಬರಿಗೆ ಇರಲಿ ಬಿಡಿ ಸ್ವಾಮಿ” ಅನ್ನುತ್ತಿದ್ದ. ಎದುರಿನ ಹೋಟೆಲಿನ ದೋಸೆ ಭಟ್ಟರು ಮಾತ್ರ ಅಂಗಿ ಜೇಬಿನ ಎರಡು ರೂಪಾಯಿಗಷ್ಟೇ ಆಡುವರು, ಗೆದ್ದರೆ ಅಲ್ಲೇ ನಿಂತು ಪೂರ್ತಿ ಎಣಿಸಿಕೊಳ್ಳುವರು. ಅಂಗಡಿಯವನಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಆ ಭಟ್ಟರ ಜೇಬಿಗೆ ಹತ್ತಿರವಿರುವುದು ನಿಮ್ಮ ಡೆಬಿಟ್ ಕಾರ್ಡ್. ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇದ್ದದ್ದನ್ನು ಮೀರಿ ಬ್ಯಾಂಕ್ ಕೊಡುವ ಸಾಲ) ಇಲ್ಲದಿದ್ದರೆ ಇದ್ದಷ್ಟೇ ಹೋಗುತ್ತದೆ, ಹೋದದ್ದು ಸ್ಟೇಟ್‌ಮೆಂಟಿನಲ್ಲಿ ಹೆಸರು ಸಮೇತ ಕಾಣುತ್ತದೆ, ಮನೆಯವರಿಗೂ ಕಾಣುತ್ತದೆ (ಇದನ್ನು ದೋಷವೆಂದು ಎಣಿಸಬೇಡಿ). ಅಲ್ಲಿನ ಬಹಳಷ್ಟು ಬ್ಯಾಂಕುಗಳ ಆ್ಯಪ್‌ನಲ್ಲಿ ಜೂಜಿನ ಪಾವತಿ ತಡೆಯುವ ಗುಂಡಿ ಇದೆ, ಅದು ಕೆಲಸ ಮಾಡುವುದು ಕಾರ್ಡಿನ ಮೇಲೆ. ಇ-ವ್ಯಾಲೆಟ್‌ನಲ್ಲಿ ಗೆದ್ದ ಹಣ ಬೇಗ ಬರುವುದುಂಟು, ಆದರೆ ಅಲ್ಲೇ ಉಳಿದು ಮತ್ತೊಂದು ಸೈಟಿಗೆ ಜಾರುವುದೂ ಅಷ್ಟೇ ಬೇಗ. ಇಂಥ ವ್ಯಾಲೆಟ್‌ಗಳಾದ ಸ್ಕ್ರಿಲ್, ನೆಟೆಲ್ಲರ್‌ನಲ್ಲಿ ಕಟ್ಟಿದವರಿಗೆ ಬೋನಸ್ ಇಲ್ಲವೆಂಬ ಷರತ್ತೂ ಹಲವು ಕಡೆ ಇರುತ್ತದೆ. ಕ್ರಿಪ್ಟೊ ಒಮ್ಮೆ ಹೋದರೆ ವಾಪಸ್ ಕೇಳಲು ಬ್ಯಾಂಕೇ ಇಲ್ಲ. ಬೀಡಿ ಅಂಗಡಿಯವನ “ನಾಳೆ ನಂಬರಿಗೆ ಇರಲಿ” ಇತ್ತಲ್ಲ, ಅದರ ಆನ್‌ಲೈನ್ ರೂಪವೂ ಇತ್ತು: ಹಣ ತೆಗೆಯುವ ಕೋರಿಕೆ ಬಾಕಿ ಇಟ್ಟು, ರದ್ದು ಮಾಡಿ ಮತ್ತೆ ಆಡುವ ಗುಂಡಿಯನ್ನು ಮುಂದಿಡುವುದು. ಬ್ರಿಟನ್ 2021ರಲ್ಲಿ ಅದನ್ನು ಕಾಯಂ ನಿಷೇಧಿಸಿತು. ಲೈಸೆನ್ಸ್ ಇಲ್ಲದ ಕಡೆ ಆ ಗುಂಡಿಯನ್ನು ತಡೆಯುವವರು ಯಾರು?

ಈಗ ಬೋನಸ್. ಪೆನ್ಸಿಲ್ ಹಿಡಿಯಿರಿ. ನೂರರ 35 ಪಟ್ಟು ಎಂದರೆ 3,500 ಪೌಂಡ್ ಪಣ. ಸ್ಲಾಟ್ ಆಟದಲ್ಲಿ ಆಟಗಾರರಿಗೆ ಮರಳುವ ಪಾಲು ಶೇ 96 ಎಂದಿಟ್ಟುಕೊಂಡರೆ, ಅಷ್ಟು ಪಣದಲ್ಲಿ ಕ್ಯಾಸಿನೊದ ಪಾಲು 140 ಪೌಂಡ್. ಸಿಕ್ಕ ಬೋನಸ್ ನೂರು! ಎಷ್ಟೋ ಮಂದಿಯ ಖಾತೆ 3,500 ಮುಟ್ಟುವ ಮೊದಲೇ ಬರಿದಾಗಿರುತ್ತದೆ. ಜಾಣರು ರೂಲೆಟ್‌ಗೆ ಹೋಗುತ್ತಾರೆ. 37 ಮನೆಗಳ ಚಕ್ರದಲ್ಲಿ ಕ್ಯಾಸಿನೊದ ಪಾಲು ಶೇ 2.7 ಮಾತ್ರ. ಆದರೆ ಷರತ್ತಿನ ಕೆಳಗಡೆ ನೋಡಿ, ರೂಲೆಟ್ ಪಣದ ಶೇ 10 ಮಾತ್ರ ಲೆಕ್ಕಕ್ಕೆ ಎಂದಿದ್ದರೆ 3,500 ಹೋಗಿ 35,000 ಆಯಿತು. ಅದರ ಶೇ 2.7 ಎಂದರೆ 945. 10 ಪಟ್ಟಿನ ನಿಯಮದಡಿ ಸ್ಲಾಟ್ ಆಡಿದರೆ ಪಣ ಸಾವಿರ, ಖರ್ಚು ನಲವತ್ತು. ಅಂಥದ್ದಾದರೆ ತೆಗೆದುಕೊಳ್ಳಿ, ಗರಿಷ್ಠ ಪಣ ಎಷ್ಟು, ಗಡುವು ಎಷ್ಟು ದಿನ ಎಂದು ನೋಡಿಕೊಂಡು. ನನ್ನನ್ನು ಕೇಳಿದರೆ ಬೋನಸ್ ಇಲ್ಲದೆ ಆಡುವವನೇ ಸುಖಿ. ಗೆದ್ದ ಕೂಡಲೇ ಎದ್ದು ಬರಬಹುದು.

ಕ್ಯಾಸಿನೊವನ್ನೊಂದೇ ಬಯ್ದು ಏನು ಪ್ರಯೋಜನ? “ಹನ್ನೊಂದು ಕಂತು ಕಟ್ಟಿ, ಹನ್ನೆರಡನೆಯದು ನಮ್ಮದು” ಎಂಬ ಚಿನ್ನದ ಸ್ಕೀಮಿಗೆ ನಮ್ಮ ಮನೆಯಲ್ಲೇ ಸೇರಿದ್ದರು. ಕೊನೆಗೆ ನೋಡಿದರೆ ನಗದು ಇಲ್ಲ, ಅದೇ ಅಂಗಡಿಯ ಒಡವೆಯನ್ನೇ ಕೊಳ್ಳಬೇಕು; ಹನ್ನೆರಡನೆಯ ಕಂತಿನಷ್ಟು ಮಜೂರಿ, ವೇಸ್ಟೇಜು ಎಂದು ವಾಪಸ್ ಹೋಯಿತು. ಷರತ್ತು ಪಾಸ್‌ಬುಕ್ಕಿನ ಹಿಂಬದಿಯಲ್ಲಿತ್ತು, ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಬ್ಯಾಂಕಿನ ಸಾಲದ ಅರ್ಜಿ, ವಿಮೆ, ಮೊಬೈಲಿನ ಸಾಲದ ಆ್ಯಪ್ ಎಲ್ಲವೂ ಹಾಗೇ. ಜಾಹೀರಾತು ಮಾತ್ರ ಅಚ್ಚಗನ್ನಡದಲ್ಲಿ, ಊರಗಲ ಬೋರ್ಡಿನಲ್ಲಿ. ಕರೆಯುವಾಗ ಬರುವ ಕನ್ನಡ ಕಟ್ಟಿಹಾಕುವಾಗ ಏಕೆ ಬರುವುದಿಲ್ಲ ಎಂದು ಈ ಪುಟದಲ್ಲಿ ಎಷ್ಟು ಸಲ ಕೇಳಿದ್ದೇನೋ. ಉತ್ತರ ಬಂದಿಲ್ಲ.

ನಿಮ್ಮ ದಾವಣಗೆರೆಯ ತಮ್ಮನಿಗೆ ಬೇರೆಯೇ ಉತ್ತರ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರ ಕಾಯ್ದೆಯ ಪ್ರಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವುದೇ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಬ್ಯಾಂಕುಗಳೂ ಅದಕ್ಕೆ ಹಣ ಸಾಗಿಸುವಂತಿಲ್ಲ. ಈ ಕಾಯ್ದೆಯಡಿ ಆಡುವವನಿಗೆ ಶಿಕ್ಷೆಯಿಲ್ಲ ಎಂದು ಅವನು ವಾದಿಸಬಹುದು, ಅದು ನಿಜವೇ. ಆದರೆ ಕದ್ದು ನಡೆಯುವ ಸೈಟುಗಳು ಕೊಡುವ ಯುಪಿಐ ಐಡಿ ಯಾವನೋ ಬಾಡಿಗೆಗೆ ಕೊಟ್ಟ ಖಾತೆಯದ್ದಾಗಿರುತ್ತದೆ. ಅಂಥ ಖಾತೆಯಿಂದ ‘ಗೆಲುವು’ ಬಂದರೆ, ಸೈಬರ್ ಪೊಲೀಸರು ಅದರ ಜಾಡು ಹಿಡಿದು ಬಂದ ದಿನ ಅವನ ಸಂಬಳದ ಖಾತೆಯೂ ಫ್ರೀಜ್ ಆಗಬಹುದು. ಅಲ್ಲಿ ಪಾವತಿ ವಿಧಾನ ಆರಿಸುವ ಪ್ರಶ್ನೆಯೇ ಇಲ್ಲ. ಈಗಾಗಲೇ ಕಟ್ಟಿ ಮೋಸಹೋಗಿದ್ದರೆ ನಾಚಿಕೆ ಬಿಟ್ಟು ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.