ಮಾದಕವ್ಯಸನಿಗಳಿಗೆ ಹೊಸ ಸೂಜಿ ಕೊಡುವುದು ಅಪರಾಧವೇ?

ಮುಂಬೈನಲ್ಲಿ ರೈಲು ಹಳಿಯ ಬದಿಯಲ್ಲಿ ಕಾರ್ಯಕರ್ತರು ಮಾದಕವ್ಯಸನಿಗಳಿಗೆ ಹೊಸ ಸೂಜಿ ಕೊಡುವುದನ್ನು ಕಂಡು, ಇದು ಅಪರಾಧವಲ್ಲವೇ ಎಂದು ತಾವು ಕೇಳಿದ್ದೀರಿ. ನೋಂದಾಯಿತ ಯೋಜನೆಯಾಗಿದ್ದರೆ ಖಂಡಿತ ಅಲ್ಲ. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಂತೆ ಮಾದಕವಸ್ತು ಸೇವನೆ ಶಿಕ್ಷಾರ್ಹ, ನಿಜ. ಆದರೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 22ನೇ ಕಲಂ, ಬೇರೆ ಕಾನೂನುಗಳು ಏನೇ ಹೇಳಿದ್ದರೂ, ಬಳಸಿದ ಸೂಜಿಗೆ ಬದಲಾಗಿ ಶುದ್ಧ ಸೂಜಿ ಕೊಟ್ಟವರನ್ನೂ ಪಡೆದವರನ್ನೂ ಹೊಣೆಗಾರರನ್ನಾಗಿಸುವಂತಿಲ್ಲ ಎಂದು ದೃಷ್ಟಾಂತಸಹಿತ ವಿವರಿಸುತ್ತದೆ. ಮಾದಕವಸ್ತು ಇಟ್ಟುಕೊಳ್ಳುವುದಕ್ಕೆ ಈ ರಕ್ಷಣೆ ಇಲ್ಲ. ಸಿರಿಂಜಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿದಿದ್ದರೂ ಎಚ್‌ಐವಿ, ಹೆಪಟೈಟಿಸ್ ಸಿ ಹರಡಬಹುದಾದ್ದರಿಂದ, ಹಳೆಯ ಸೂಜಿಯನ್ನು ಗಟ್ಟಿ ಡಬ್ಬಿಗೆ ಹಾಕಿಸಿಕೊಳ್ಳುವುದು, ನನ್ನ ದೃಷ್ಟಿಯಲ್ಲಿ, ಹೊಸದನ್ನು ಕೊಡುವಷ್ಟೇ ಮುಖ್ಯ.