ಪಾಳುಬಿದ್ದ ರನ್‌ವೇ ಪಕ್ಕದ ಹೊಲ ಕೊಳ್ಳಬಹುದಾ?

ಮುಚ್ಚಿದ ಕಾರ್ಖಾನೆಯ ರನ್‌ವೇ ಪಕ್ಕ ಹೊಲ ಸಿಗುತ್ತಿದೆ, ಮುಂದೆ ಅಲ್ಲಿಗೆ ವಿಮಾನ ಬರುತ್ತದಂತೆ, ಒಂದು ಎಕರೆ ತಗೊಳ್ಳಲೋ ಎರಡೋ ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ನಮ್ಮ ಕಡೆಯ ರನ್‌ವೇಯನ್ನೂ ಎಂಬತ್ತರ ದಶಕದಲ್ಲಿ ಒಂದು ಕಾರ್ಖಾನೆಯವರೇ ಮಾಡಿಕೊಂಡಿದ್ದರು. ಒಂದು ಕಿಲೋಮೀಟರ್ ಉದ್ದ, 23 ಮೀಟರ್ ಅಗಲದ ಡಾಂಬರು. ಕಾರ್ಖಾನೆ ನಿಂತ ಮೇಲೆ ಬೇಲಿಯ ತಂತಿ, ಕಲ್ಲುಕಂಬ ಒಂದೊಂದೇ ಮಾಯವಾದವು. ನಾನು ನೋಡಲು ಹೋದಾಗ ಡಾಂಬರಿನ ಮೇಲೆ ತೊಗರಿ ಒಣಗುತ್ತಿತ್ತು, ಹುಡುಗರು ಬೈಕ್ ಕಲಿಯುತ್ತಿದ್ದರು. ತುದಿಯಲ್ಲಿ ಬಿಳಿ ಬಣ್ಣದಲ್ಲಿ ದೊಡ್ಡ ಗುಣಾಕಾರದ ಗುರುತು. ಈ ರನ್‌ವೇ ಮುಚ್ಚಿದೆ, ಇಳಿಯಬೇಡಿ ಅಂತ ಪೈಲಟ್‌ಗೆ ಹೇಳುವ ಗುರುತು ಅದು. ಆಗ ನನಗೆ ಗೊತ್ತಿರಲಿಲ್ಲ.

ಅದರ ಹಿಂದಿನ ವರ್ಷವಷ್ಟೇ ಸಣ್ಣ ಊರುಗಳಿಗೂ ವಿಮಾನ ಬಿಡುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ ಬಳ್ಳಾರಿ ಜಿಲ್ಲೆಯ ವಿದ್ಯಾನಗರಕ್ಕೆ ಪ್ರಯಾಣಿಕರ ವಿಮಾನ ಶುರುವಾಗಿತ್ತು. ಅದೂ ಖಾಸಗಿ ನಿಲ್ದಾಣವೇ ಅಲ್ವಾ ಅಂದರು ಹೊಲ ಮಾರುವವರು. ಅಲ್ಲಿ ಪಕ್ಕದಲ್ಲೇ ಉಕ್ಕಿನ ಕಾರ್ಖಾನೆ ಹಗಲು ರಾತ್ರಿ ನಡೆಯುತ್ತಿದೆ. ನಮ್ಮಲ್ಲಿ ಚಿಮಣಿ ತಣ್ಣಗಾಗಿ ಎಷ್ಟೋ ವರ್ಷ. ಈ ವ್ಯತ್ಯಾಸ ನನ್ನ ತಲೆಗೆ ಹೋಗಲಿಲ್ಲ. ಎರಡು ಎಕರೆ ತಗೊಂಡೆ.

ನನ್ನನ್ನು ಮುಳುಗಿಸಿದ್ದು ಮಾತ್ರ ವಿಮಾನ ಅಲ್ಲ, ಇಸಿ. ಅಂದರೆ ಋಣಭಾರ ಪತ್ರ, ಆ ಜಮೀನಿನ ಮೇಲೆ ನೋಂದಣಿಯಾದ ಕ್ರಯ, ಸಾಲ ಎಲ್ಲದರ ಪಟ್ಟಿ. ಇದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ. ಪಹಣಿಯಲ್ಲಿ 2 ಎಕರೆ ಇತ್ತು. ಡಾಂಬರಿನ ಅಂಚಿನಿಂದ ಟೇಪು ಹಿಡಿದೆವು. ರನ್‌ವೇ ಉದ್ದಕ್ಕೆ 330 ಅಡಿ, ಒಳಕ್ಕೆ 264 ಅಡಿ. ಸರಿಯಾಗಿ 80 ಗುಂಟೆ. ಇಸಿ ತೆಗೆಸಿದೆ, ಯಾವ ವ್ಯವಹಾರವೂ ಇಲ್ಲ ಅಂತ ಫಾರಂ 16 ಬಂತು. ಟೇಪು, ಪಹಣಿ, ಇಸಿ ಮೂರೂ ಒಂದೇ ಮಾತು ಹೇಳಿದ ಮೇಲೆ ಇನ್ನೇನು ನೋಡುವುದು ಅಂದುಕೊಂಡೆ. ಆದರೆ ನಾನು ತೆಗೆಸಿದ್ದು ಕಂಪ್ಯೂಟರ್ ಇಸಿ. ಅದರಲ್ಲಿ 2004ರ ಏಪ್ರಿಲ್‌ನಿಂದ ಈಚಿನದ್ದು ಮಾತ್ರ ಇರುತ್ತದೆ. ಅದಕ್ಕೂ ಹಿಂದಿನದು ಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೇರೆ ಅರ್ಜಿ ಹಾಕಿ ಹಳೇ ಪುಸ್ತಕ ಹುಡುಕಿಸಬೇಕು. ಆ ಅರ್ಜಿ ನಾನು ಹಾಕಲಿಲ್ಲ. ಎರಡು ದಿನದ ಓಡಾಟ ಉಳಿಯಿತು ಅಂತ ಖುಷಿಪಟ್ಟೆ.

ಆ ಹಳೇ ಪುಸ್ತಕದಲ್ಲಿ 1983ರ ಒಂದು ಕ್ರಯಪತ್ರ ಇತ್ತು. ನನಗೆ ಮಾರಿದವರ ಅಪ್ಪ ಕಂಪನಿಗೆ 28 ಗುಂಟೆ ಕೊಟ್ಟಿದ್ದರು. ರನ್‌ವೇ ಅಂದರೆ ಬರೀ ಡಾಂಬರು ಅಲ್ಲ. ವಿಮಾನ ಪಕ್ಕಕ್ಕೆ ಜಾರಿದರೆ ಅಪಾಯ ಆಗಬಾರದು ಅಂತ, ಇಷ್ಟು ಉದ್ದದ ರನ್‌ವೇಗೆ ನಡುಗೆರೆಯಿಂದ ಎರಡೂ ಕಡೆ 40 ಮೀಟರ್ ಬಯಲು ಬಿಡುವುದು ನಿಯಮ. ಡಾಂಬರಿನ ಅಂಚಿನಿಂದ ಲೆಕ್ಕ ಹಾಕಿದರೆ ಇಪ್ಪತ್ತೆಂಟೂವರೆ ಮೀಟರ್. ಅಷ್ಟನ್ನು ಕಂಪನಿ ಕೊಂಡಿತ್ತು, ಆದರೆ ಮ್ಯುಟೇಶನ್, ಅಂದರೆ ಪಹಣಿಯಲ್ಲಿ ಹೆಸರು ಬದಲಾವಣೆ, ಮಾಡಿಸಿರಲಿಲ್ಲ. ಅದಕ್ಕೇ ಪಹಣಿಯಲ್ಲಿ 2 ಎಕರೆ ಹಾಗೇ ಉಳಿದಿತ್ತು. ಬೇಲಿ ಹೋದ ಮೇಲೆ ಮಾರಿದವರ ಮನೆಯವರು ಡಾಂಬರಿನ ತನಕ ನೇಗಿಲು ಹೊಡೆದರು. ಮಾರಿದವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಆ ಕ್ರಯ ಆದಾಗ ಅವರಿನ್ನೂ ಶಾಲೆಗೆ ಹೋಗುವ ಹುಡುಗ.

2021ರಲ್ಲಿ ಕಂಪನಿಯ ಆಸ್ತಿ ವಿಲೇವಾರಿಗೆ ಬಂದವರು ನೋಟಿಸ್ ಕಳಿಸಿದರು. ಪಹಣಿ ತೋರಿಸಿದೆ. ಪಹಣಿ ಕಂದಾಯದ ದಾಖಲೆ ಅಷ್ಟೇ, ಮೊದಲು ನೋಂದಣಿಯಾದ ಕ್ರಯಪತ್ರವೇ ನಿಲ್ಲುತ್ತದೆ ಅಂದರು ವಕೀಲರು. 28 ಗುಂಟೆ ಹೋಯಿತು. ಅದರಲ್ಲೇ ನಾನು ಬೋರ್‌ವೆಲ್ ಕೊರೆಸಿದ್ದೆ.

ಆದ್ದರಿಂದ ಒಂದೋ ಎರಡೋ ಅನ್ನುವ ಪ್ರಶ್ನೆಯನ್ನು ಈಗ ಬಿಡಿ. ವಿಮಾನದ ಆಸೆಯನ್ನೂ ಬಿಡಿ. ಸಣ್ಣ ಊರುಗಳಿಗೆ ಬರುವ 70 ಸೀಟಿನ ಎಟಿಆರ್ ವಿಮಾನ ತುಂಬಿಕೊಂಡು ಏರಲು ಸುಮಾರು 1,300 ಮೀಟರ್ ರನ್‌ವೇ ಬೇಕು, ನಮ್ಮದು ಒಂದೇ ಕಿಲೋಮೀಟರ್. ಸರ್ಕಾರಕ್ಕೆ ನಿಲ್ದಾಣ ಬೇಕಾದರೆ ಹೊಸದನ್ನೇ ಕಟ್ಟುತ್ತದೆ. 2023ರಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ರನ್‌ವೇ 3.2 ಕಿಲೋಮೀಟರ್. ಒಂದು ವೇಳೆ ನಿಮ್ಮೂರಿನ ರನ್‌ವೇಯನ್ನೇ ದೊಡ್ಡದು ಮಾಡಿದರೂ ಭೂಸ್ವಾಧೀನಕ್ಕೆ ಮೊದಲು ಹೋಗುವುದು ಪಕ್ಕದ ಹೊಲವೇ. ನೀರಿದೆಯಾ, ಮಣ್ಣು ಹೇಗಿದೆ, ಬರೀ ಬೆಳೆಗೆ ಈ ಬೆಲೆ ಸರಿಯಾ, ಅಷ್ಟು ನೋಡಿ.

ರನ್‌ವೇ ಯಾವ ವರ್ಷ ಆಯಿತು ಅಂತ ಊರಿನ ಹಿರಿಯರನ್ನು ಕೇಳಿ. ಅದಕ್ಕೂ ಐದು ವರ್ಷ ಹಿಂದಿನಿಂದ ಇಸಿಗೆ ಅರ್ಜಿ ಹಾಕಿ. ಜೊತೆಗೆ ಹದ್ದುಬಸ್ತು, ಅಂದರೆ ಸರ್ಕಾರಿ ಸರ್ವೆಯರ್ ಅಳೆದು ಗಡಿ ಗುರುತಿಸುವುದು, ಮಾಡಿಸಿ, ಸರ್ವೆಯರ್ ಬಾಂದು ಕಲ್ಲು ತೋರಿಸುವ ತನಕ ಅಡ್ವಾನ್ಸ್ ಕೊಡಬೇಡಿ. ಇಸಿ ಕೈಗೆ ಬಂದ ಮೇಲೆ ಏನಾದರೂ ಅರ್ಥವಾಗದಿದ್ದರೆ ಇಲ್ಲೇ ಬರೆಯಿರಿ, ನಾನು ನೋಡಿ ಹೇಳುತ್ತೇನೆ.